ಅಮ್ಮ ಬಂದವ್ರೆ

ರಂಗನಾಯಕಿ ಹೊಳೆನರಸೀಪುರದ ಅರ್ಚಕರ ಮನೆಯ ಹುಡುಗಿ. ತೊಂಬತ್ತರ ದಶಕದ ಶುರುವಿನಲ್ಲಿ ನರ್ಸಿಂಗ್ ಓದುತ್ತೇನೆ ಎಂದು ಹಟ ಹಿಡಿದಾಗ ಅವಳಪ್ಪ ಸಂಪತ್ಕುಮಾರ ಅಯ್ಯಂಗಾರ್ಯರು, "ಕಂಡವರ ಹುಣ್ಣು ತೊಳೆದ ಕೈಯಲ್ಲಿ ಪ್ರಸಾದ ಮುಟ್ತೀಯಾ?" ಎಂದರಂತೆ. "ಸೋಪು ಹಾಕಿ ತೊಳ್ಕೊಂಡು ಮುಟ್ತೀನಿ" ಎಂದಳಂತೆ ಇವಳು. ಆಮೇಲೆ ಅಪ್ಪ ಮಗಳು ಎಷ್ಟು ಕಾಲ ಮಾತು ಬಿಟ್ಟಿದ್ದರೋ ಆ ನರಸಿಂಹಸ್ವಾಮಿಗೇ ಗೊತ್ತು. ಮದುವೆ ಆಗಲಿಲ್ಲ. ಹಾಸನದ ಒಂದು ಚರ್ಮರೋಗದ ಕ್ಲಿನಿಕ್ಕಿನಲ್ಲಿ ನಿಂತುಬಿಟ್ಟಳು. ನಾನು ಹಂಸ, ಅದೇ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವಳು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು.

ನಮ್ಮಲ್ಲಿಗೆ ಬರುವವರಲ್ಲಿ ಇಸುಬಿನವರೇ ಹೆಚ್ಚು. ಇಸುಬು ಮಾನಗೆಟ್ಟ ನೆಂಟನ ಹಾಗೆ, ಹೋದ ಎಂದುಕೊಳ್ಳುವಷ್ಟರಲ್ಲಿ ಮತ್ತೆ ಬಾಗಿಲಲ್ಲಿ ನಿಂತಿರುತ್ತದೆ. ಕೆರೆತ ನಿಂತ ಕೂಡಲೇ ಜನ ಮುಲಾಮು ಹಚ್ಚುವುದನ್ನು ಬಿಡುತ್ತಾರೆ. ಅರಕಲಗೂಡಿನಿಂದಲೋ ಚನ್ನರಾಯಪಟ್ಟಣದಿಂದಲೋ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ, ಬರೀ ತೋರಿಸಿಕೊಂಡು ಹೋಗಲು ಯಾರು ಬರುತ್ತಾರೆ? 2008ರ ಹೊತ್ತಿಗೆ ರಂಗನಾಯಕಿ ಇದಕ್ಕೊಂದು ದಾರಿ ಹುಡುಕಿದಳು. ಆಗ ಪ್ರತಿ ಮನೆಯಲ್ಲೂ ಸೈಬರ್ ಅಂಗಡಿಗೆ ಹೋಗಿ ಆರ್ಕುಟ್ ನೋಡುವ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಿದ್ದರು. ಇವಳೂ ಅಲ್ಲಿ ಖಾತೆ ತೆರೆದಳು. ಹುಣ್ಣಿನ ಜಾಗದ್ದಷ್ಟೇ ಫೋಟೋ ಹಾಕಿ, ಬೇರೆಯವರಿಗೆ ಕಾಣದ ಹಾಗೆ ಆಲ್ಬಮ್ಮಿಗೆ ಬೀಗ ಹಾಕಿ ಎಂದು ಎಲ್ಲರಿಗೂ ಹೇಳಿಕೊಟ್ಟಳು. "ಡಾಕ್ಟರ್ ಕಂಪ್ಯೂಟರ್‌ನಲ್ಲಿ ಗೆಳೆಯರ ಗುಂಪು ಕಟ್ಟಿದೀಯಲ್ಲ, ಒಂದು ಗಂಡೂ ಹುಡುಕ್ಕೋ" ಎಂದು ನಾನು ರೇಗಿಸುತ್ತಿದ್ದೆ. ಅವಳು ಒಬ್ಬೊಬ್ಬರ ಮೊಣಕೈ, ಕತ್ತು ನೋಡಿ ಉತ್ತರ ಬರೆಯುತ್ತ ಕೂರುತ್ತಿದ್ದಳು.

ಭಾಗ್ಯಲಕ್ಷ್ಮಿ ರಾಮನಾಥಪುರದ ಹತ್ತಿರದ ಹಳ್ಳಿಯ ಹದಿನೇಳರ ಹುಡುಗಿ. ಹೊಗೆಸೊಪ್ಪು ಕಟ್ಟುವ ಮನೆ. ಹುಟ್ಟಿದಾಗಿನಿಂದ ಇಸುಬು. ಅಜ್ಜಿ ಪುಟ್ಟಲಕ್ಷ್ಮಮ್ಮ ಒಂದು ಸಲ ಕರೆತಂದಿದ್ದರು. ಆಮೇಲೆ ಅಣ್ಣ ರವೀಶನೇ ರಾಮನಾಥಪುರದ ಸೈಬರಿಗೆ ಹೋಗಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ತಂಗಿಯ ಸುದ್ದಿ ತಿಳಿಸುತ್ತಿದ್ದ. ಚರ್ಮ ತಿಳಿಯಾಗುತ್ತ ಬಂದಿತ್ತು.

ಒಂದು ಮಧ್ಯಾಹ್ನ ಆರ್ಕುಟ್‌ನಲ್ಲಿ ಅವನ ಸ್ಕ್ರ್ಯಾಪ್, ಅಂದರೆ ಸಂದೇಶ, ಬಂತು: "ಸಿಸ್ಟರ್, ಅಮ್ಮ ಬಂದವ್ರೆ. ಮುಲಾಮು ನಿಲ್ಸಿದೀವಿ."

ಅಜ್ಜಿ, ಅಣ್ಣನನ್ನು ಬಿಟ್ಟರೆ ಆ ಹುಡುಗಿಯ ತಾಯಿಯ ಸುದ್ದಿಯನ್ನೇ ನಾವು ಕೇಳಿರಲಿಲ್ಲ. ರಂಗನಾಯಕಿಗೆ ಖುಷಿಯಾಯಿತು. ಅಂತೂ ತಾಯಿ ಮನೆಗೆ ಬಂದಳಲ್ಲ, ಇನ್ನು ಹುಡುಗಿಯನ್ನು ನೋಡಿಕೊಳ್ಳುವವರಿದ್ದಾರೆ ಎಂದಳು. "ತುಂಬಾ ಸಂತೋಷ. ಅಮ್ಮನ ಕೈಯಲ್ಲೇ ಮುಲಾಮು ಹಚ್ಚಿಸಿ, ನಿಲ್ಲಿಸಬೇಡಿ" ಎಂದು ಬರೆದಳು.

ಮಾರನೆಯ ದಿನ ಉತ್ತರ ಬಂತು. "ಅಮ್ಮಂಗೆ ಮುಲಾಮು ಆಗಲ್ಲ ಸಿಸ್ಟರ್. ಕೋಪ ಮಾಡ್ಕತಾರೆ. ಕ್ವಾಣೇಲಿ ಭಾಗ್ಯ, ಅಮ್ಮ ಇಬ್ರೇ ಅವ್ರೆ. ನಾವ್ಯಾರೂ ಒಳಿಕ್ಕೋಗಂಗಿಲ್ಲ."

ಓದಿ ರಂಗನಾಯಕಿಗೆ ಬಂದದ್ದು ಸಿಟ್ಟು. "ಎಂಥಾ ತಾಯಿ ಇವಳು! ಮಗಳನ್ನ ಕೋಣೇಲಿ ಕೂಡ್ಹಾಕಿಕೊಂಡು ಔಷಧಿ ಬೇಡ ಅಂತಾಳಲ್ಲ!" ಎಂದು ರವೀಶನ ಮೊಬೈಲಿಗೆ ಫೋನ್ ಮಾಡಿದಳು. ನನಗೂ ಕೇಳಲಿ ಎಂದು ಸ್ಪೀಕರ್ ಒತ್ತಿದಳು. ಎತ್ತಿದ್ದು ಅಜ್ಜಿ.

"ಮೆಲ್ಗೆ ಮಾತಾಡು ತಾಯಿ. ಅಮ್ಮ ಅವ್ಳೆ."

"ಅದಕ್ಕೇ ಅಜ್ಜಿ, ನಾನು ಫೋನ್ ಮಾಡಿದ್ದು. ಭಾಗ್ಯನ ಅಮ್ಮನ ಕೈಗೇ ಕೊಡಿ."

"ಯಾರು, ಅವ್ರವ್ವನಾ? ಅವ್ಳು ಈ ಮಗೀನ ಎರಿಗೇಲೇ ತೀರ್ಕಂಡ್ಳಲ್ಲವ್ವಾ" ಎಂದು ಹೇಳಿ ಅಜ್ಜಿ ಫೋನ್ ಇಟ್ಟುಬಿಟ್ಟರು.

ಹಾಡಹಗಲು, ಹೊರಗೆ ಆಟೋಗಳ ಗಲಾಟೆ. ಆದರೂ ನನ್ನ ಮೈ ರೋಮವೆಲ್ಲ ನಿಂತಿತ್ತು. ಹುಡುಗಿಯ ಜೊತೆ ಆ ಕೋಣೆಯಲ್ಲಿರುವವರು ಯಾರು ಹಾಗಾದರೆ?

ರವೀಶ ಕೋಣೆಯ ಹೊಸ್ತಿಲಾಚೆಯಿಂದಲೇ ತೆಗೆದ ಹೊಸ ಫೋಟೋವೊಂದನ್ನು ಆಲ್ಬಮ್ಮಿಗೆ ಹಾಕಿದ್ದ. ಅದರ ಹೆಸರು "ಅಮ್ಮ". ರಂಗನಾಯಕಿ ಅದನ್ನು ಒತ್ತಿದಳು. ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿತು. ಮೊದಲು ಮಸಿ ಹಿಡಿದ ಗೋಡೆ. ಆಮೇಲೆ ಗೊಂಚಲು ಗೊಂಚಲು ಬೇವಿನ ಸೊಪ್ಪು. ಅದರ ಕೆಳಗೆ ಒಂದು ಮುಖ. ನಾನು ಕಣ್ಣು ಮುಚ್ಚಿಕೊಂಡೆ.

"ಕಣ್ಣು ಬಿಡೇ ಹಂಸ. ಇದು ಭಾಗ್ಯನೇ" ಎಂದಳು ರಂಗನಾಯಕಿ. ಅವಳ ದನಿ ಬೇರೆಯೇ ಆಗಿತ್ತು.

ರೆಪ್ಪೆಗಳು ಊದಿ ಮುಚ್ಚಿಹೋಗಿದ್ದವು. ಹಣೆಯಿಂದ ಕತ್ತಿನವರೆಗೆ ಒಂದೇ ಅಳತೆಯ ಗುಳ್ಳೆಗಳು, ಒಂದೊಂದರ ನಡುವೆಯೂ ಕುಳಿ. ಆಗ ನಮ್ಮಿಬ್ಬರ ತಲೆಗೂ ಹೊಳೆಯಿತು. ನಮ್ಮ ಮನೆಗಳಲ್ಲಿ ಅಮ್ಮ ಎಂದರೆ ಹೆತ್ತವಳು. ಅವರ ಮನೆಯಲ್ಲಿ ಹೆತ್ತವಳು ಅವ್ವ. ಮೈಮೇಲೆ ಗುಳ್ಳೆಯಾಗಿ ಏಳುವ ದೇವತೆ ಅಮ್ಮ. ಆಕೆ ಬಂದ ಮನೆಯಲ್ಲಿ ಔಷಧಿ ಇಲ್ಲ, ಒಗ್ಗರಣೆ ಇಲ್ಲ, ಹೊರಗಿನವರಿಗೆ ಪ್ರವೇಶವಿಲ್ಲ. ಇಂಥದಕ್ಕೆ ಇವಳು ತುಂಬಾ ಸಂತೋಷ ಎಂದು ಬರೆದಿದ್ದಳು!

ಡಾಕ್ಟರ್ ಮುರಳೀಕೃಷ್ಣ ಫೋಟೋ ನೋಡಿದವರೇ ಎದ್ದು ನಿಂತರು. "ಸಿಡುಬಲ್ಲ ಇದು. ಇಸುಬಿನ ಮೇಲೆ ವೈರಸ್ ಕೂತಿದೆ. ಔಷಧಿ ಇದೆ, ಆದರೆ ಇವತ್ತೇ ಕೊಡಬೇಕು. ತಡವಾದರೆ ಕಣ್ಣು ಹೋಗುತ್ತೆ, ಜೀವಾನೂ ಹೋಗಬಹುದು. ಹೋಗಿ ಕರ್ಕೊಂಡು ಬನ್ನಿ."

ಬಾಡಿಗೆಯ ಓಮ್ನಿಯಲ್ಲಿ ನಾವಿಬ್ಬರೂ ಅರಕಲಗೂಡು ದಾಟಿ ಆ ಹಳ್ಳಿ ಸೇರಿದೆವು. ಆ ಮನೆಯ ಬಾಗಿಲಿಗೆ ಬೇವು ಕಟ್ಟಿತ್ತು. ರವೀಶ ಅಂಗಳದ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತರು. "ಅಮ್ಮ ಇರೋ ಮನೆಗೆ ಆಸ್ಪತ್ರೆಯೋರು ಬರಂಗಿಲ್ಲ. ಮಗೀಗೆ ಎಚ್ಚುಕಮ್ಮಿ ಆದ್ರೆ ನೀನು ತಂದ್ಕೊಟ್ಟೀಯಾ?"

ನಾನಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ರಂಗನಾಯಕಿ ಚಪ್ಪಲಿ ಬಿಟ್ಟು, ತಂಬಿಗೆಯಲ್ಲಿದ್ದ ಬೇವಿನ ನೀರಿನಲ್ಲಿ ಕಾಲು ತೊಳೆದುಕೊಂಡು, ಹೊಸ್ತಿಲಾಚೆಯಿಂದಲೇ ಕತ್ತಲ ಕೋಣೆಗೆ ಕೈಮುಗಿದಳು. "ಅಮ್ಮಾ ತಾಯಿ, ಈ ಮನೇಲಿ ನಿನ್ನ ಮರ್ಯಾದೆ ಆಯ್ತು. ಊರ ಗಡಿ ದಾಟಿಸಿ ಕಳಿಸಿಕೊಡೋಕೆ ಬಂದಿದೀನಿ, ನಡಿ."

ಅಜ್ಜಿ ದಂಗಾದರು. "ಯಾವ ಊರಿಗೆ ಕಳುಸ್ತೀಯಾ?"

"ಹಾಸನಕ್ಕೆ ಅಜ್ಜಿ. ಅದೂ ಅಮ್ಮನ ಗುಡಿ ಇರೋ ಊರೇ ಅಲ್ವಾ?"

ಅಜ್ಜಿ ಪಕ್ಕಕ್ಕೆ ಸರಿದರು. ದಾರಿಗೆ ತಂಪಿರಲಿ ಎಂದು ಮೊಸರನ್ನ ಕಟ್ಟಿ, ತಾವೂ ಓಮ್ನಿ ಹತ್ತಿದರು.

ಆಸ್ಪತ್ರೆಯಲ್ಲಿ ಮುರಳೀಕೃಷ್ಣ ಹುಡುಗಿಯ ಮೈಯನ್ನೆಲ್ಲ ನೋಡಿದರು. "ಇಷ್ಟು ಜ್ವರ, ಇಷ್ಟು ಕೆರೆತ. ಒಂದೇ ಒಂದು ಉಗುರಿನ ಗೀರಿಲ್ಲವಲ್ಲ! ಕೈ ಕಟ್ಟಿಹಾಕಿದ್ದಿರಾ?" ಎಂದು ಕೇಳಿದರು. ಇಲ್ಲ, ಯಾರೂ ಒಳಗೇ ಹೋಗಿರಲಿಲ್ಲ ಎಂದರು ಅಜ್ಜಿ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಭಾಗ್ಯ ಕಣ್ಣು ಬಿಟ್ಟಳು. ರಂಗನಾಯಕಿ ಬೆರಳು ತೋರಿಸಿದಳು, ಹುಡುಗಿ ಸರಿಯಾಗಿ ಎಣಿಸಿದಳು. ಎರಡು ಕಣ್ಣೂ ಉಳಿದಿದ್ದವು. ನನಗೆ ಅಳುವೇ ಬಂತು. ಆದರೆ ಹುಡುಗಿ ಪಕ್ಕದಲ್ಲಿದ್ದ ಖಾಲಿ ಸ್ಟೂಲನ್ನೇ ನೋಡುತ್ತಿದ್ದಳು.

"ಅಮ್ಮ ಗಡಿ ದಾಟಿ ಹೋದ್ಲು ಕಣಮ್ಮ, ಹೆದರ್ಕೋಬೇಡ" ಎಂದಳು ರಂಗನಾಯಕಿ.

"ಅಮ್ಮ ಅಲ್ಲ ಕಣಕ್ಕ, ಅವ್ವ. ಕತ್ಲಾಗೆ ನನ್ನ ಎರಡು ಕೈಯೂ ಇಡ್ಕಂಡು, ಕೆರೀಬ್ಯಾಡ ಮಗಾ, ಕೆರೀಬ್ಯಾಡ ಅಂತಿದ್ಲು. ಇಲ್ಲಿಗಂಟ ಜೊತೇಲೇ ಬಂದ್ಲು."

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು. ರಂಗನಾಯಕಿ ಮೆಲ್ಲಗೆ ಹುಡುಗಿಯ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಅವ್ವಂಗೆ ಹೇಳು, ಇನ್ನು ಮುಂದೆ ನಾನು ನೋಡ್ಕೋತೀನಿ ಅಂತ."

ಭಾಗ್ಯ ಸ್ಟೂಲಿನ ಕಡೆ ತಿರುಗಿ ಹೇಳಿದಳು. ಹೇಳಿ, ಉತ್ತರ ಬರುವವರೆಗೆ ಸುಮ್ಮನೆ ಕಾದಳು. ಆಮೇಲೆ ರಂಗನಾಯಕಿಯನ್ನು ನೋಡಿ, "ಹೂಂ ಅಂದ್ಲು" ಎಂದಳು.