ಹುಲಿಗೆಮ್ಮನ ಮೊಣಕೈ ನರ

ಕೊರೊನಾ ಅಡಗಿದ ಮರುವರ್ಷ ನಾನು ಸಿಂಧನೂರು ಸೀಮೆಯ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ನೆಲ ಒರೆಸುವುದರ ಜೊತೆಗೆ ಕುಷ್ಠರೋಗದವರಿಗೆ ಗುಳಿಗೆ ನುಂಗಿಸುವುದೂ ನನ್ನ ಕೆಲಸ. ನನಗೆ ಓದು ಬರುವುದು ಬಸ್ಸಿನ ಬೋರ್ಡಿನಷ್ಟು. ರೋಗದ ವಿಷಯ ಡಾಕ್ಟರಮ್ಮ ಹೇಳಿದ್ದನ್ನು ಕೇಳಿ ಕಲಿತದ್ದು.

ಈ ರೋಗಾಣು ನರದ ಜೀವಕೋಶದೊಳಗೇ ಹೊಕ್ಕು ಅಡಗುತ್ತದೆ. ಆದರೆ ಆ ಕೋಶ ಒಳಗಿನ ರೋಗಾಣುವಿನ ಚೂರನ್ನು ತನ್ನ ಮೈಮೇಲೆ ಎತ್ತಿ ತೋರಿಸುತ್ತದೆ. ಟಿ ಸೆಲ್ ಎಂಬ ಕಾವಲಿನ ಕಣ ಅದನ್ನು ಗುರುತು ಹಿಡಿದು, ಉಳಿದ ಕಣಗಳನ್ನೂ ಕರೆದು ಬಡಿಯುತ್ತದೆ. ಇಷ್ಟು ನನ್ನ ತಲೆಗೆ ಹೋಗಿತ್ತು. ಮುಂದಿನದು ಹೋಗಿರಲಿಲ್ಲ.

ಜವಳಗೇರಾದ ಹುಲಿಗೆಮ್ಮ ಭತ್ತದ ನಾಟಿ ಮಾಡುವವಳು. ಗುಳಿಗೆ ಶುರುವಾದ ಮೂರನೇ ತಿಂಗಳು ಬಂದಳು. ತೋಳಿನ ಮೇಲಿದ್ದ ರೋಗದ ಮಚ್ಚೆ ಕೆಂಪಾಗಿ ಊದಿತ್ತು.

"ಆಯಮ್ಮ, ಮೊಣಕೈಯಾಗ ಕಾದ ಸಲಾಕಿ ತಿರುವಿದಂಗ ಆಗಾಕತ್ತೈತಿ."

"ಒಳಗ ಕಾವಲಿನ ಕಣ ರೋಗಾನ ಬಡಿಯಾಕತ್ತಾವ, ಒಳ್ಳೇದ ಆತು. ಎಂಟು ದಿನ ತಾಳು," ಎಂದೆ.

ಡಾಕ್ಟರಮ್ಮ ಅಂದು ಲಿಂಗಸುಗೂರಿಗೆ ಮೀಟಿಂಗಿಗೆ ಹೋಗಿದ್ದರು. ಮರುದಿನವೂ ನಾನು ಅವರಿಗೆ ಹೇಳಲಿಲ್ಲ.

ಎಂಟನೇ ದಿನ ಗಂಡ ದುರುಗಪ್ಪ ಅವಳನ್ನು ಎಳೆದುಕೊಂಡು ಬಂದ. ನೋವು ಇಳಿಯಲೆಂದು ಕುಡುಗೋಲು ಕಾಯಿಸಿ ಮೊಣಕೈಗೆ ಬರೆ ಹಾಕಿದ್ದ. ಚರ್ಮ ಸುಲಿದು ಕೀವು ಸೋರುತ್ತಿತ್ತು. ಕಿರುಬೆರಳು, ಉಂಗುರ ಬೆರಳು ಕೊಕ್ಕೆಯಾಗಿದ್ದವು.

"ಮುದುಕಿ, ಗುಳಿಗಿ ಅಂತ ವಿಷ ತಿನಿಸೀಯೇನ ಬೇ?" ಎಂದವನೇ ಕೈಯಲ್ಲಿದ್ದ ಕೋಲನ್ನು ನನ್ನ ಬಾಯಿಗೆ ಬೀಸಿದ. ನನ್ನ ಎರಡು ಹಲ್ಲು ನೆಲಕ್ಕೆ ಬಿದ್ದವು. ಇನ್ನೊಂದು ಏಟಿಗೆ ಕೋಲು ಎತ್ತುವಷ್ಟರಲ್ಲಿ ಕಾಂಪೌಂಡರ್ ಅವನನ್ನು ಗೋಡೆಗೆ ಒತ್ತಿ ಹಿಡಿದ.

ಡಾಕ್ಟರಮ್ಮ ಹುಲಿಗೆಮ್ಮನ ಬೆರಳ ಸಂದಿಗೆ ಕಾಗದ ಸಿಕ್ಕಿಸಿ ಎಳೆದರು. ಬೆರಳಿಗೆ ಹಿಡಿಯುವ ಬಲವಿಲ್ಲದೆ ಅದು ಜಾರಿ ಬಂತು.

"ಗುಳಿಗಿ ವಿಷ ಅಲ್ಲಪ್ಪ. ರೋಗಾಣು ಕುಂತಿದ್ದು ಈ ಬೆರಳಿಗೆ ಹೋಗೋ ಮೊಣಕೈ ನರದಾಗ. ಅದನ್ನ ಬಡಿಯಾಕ ಹೋಗಿ ಆಕಿ ಮೈಯೇ ಆಕಿ ನರಾನ ಜಜ್ಜೈತಿ. ನೋವು ಎದ್ದ ದಿನಾನ ಬಂದಿದ್ರ ತಡೀಬಹುದಿತ್ತು."

ಬಾಯಿಯ ರಕ್ತ ಉಗಿದು ನಾನೇ ಹೇಳಿದೆ: "ಬಂದಿದ್ಲರೀ. ತಾಳು ಅಂದಾಕಿ ನಾನ."

ದುರುಗಪ್ಪ ಮತ್ತೆ ನುಗ್ಗಿದ. ಹುಲಿಗೆಮ್ಮ ಇನ್ನೊಂದು ಕೈಯಿಂದ ಅವನ ಅಂಗಿ ಹಿಡಿದಳು. "ಬರಿ ಹಾಕಿದವ ನೀ ಅದೀ. ಸುಮ್ಮನ ನಿಲ್ಲು."

ಡಾಕ್ಟರಮ್ಮ ಗುಳಿಗೆ ನಿಲ್ಲಿಸಲಿಲ್ಲ. ಮೈಯ ಹೊಡೆದಾಟ ತಗ್ಗಿಸಲು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ತಿಂಗಳುಗಟ್ಟಲೆ ನಡೆಯಿತು. ಸಸಿ ಹಿಡಿಯುವಷ್ಟು ಬಲ ಬಂತು, ಕಿರುಬೆರಳು ನೆಟ್ಟಗಾಗಲಿಲ್ಲ. ಅದನ್ನು ನನ್ನ ಮುಖದೆದುರು ಹಿಡಿದು, "ಇದು ನಿನ್ನ ಪಾಲಿಂದು, ಆಯಮ್ಮ," ಎಂದಳು. ನಗುತ್ತಲೇ ಅಂದಳು, ಆದರೆ ಸುಳ್ಳಲ್ಲ.

ಆಮೇಲೆ ನರ ನೋವೆಂದು ಬಂದ ಯಾರನ್ನೂ ನಾನು ಮನೆಗೆ ಕಳಿಸಿಲ್ಲ. ಡಾಕ್ಟರು ಊಟಕ್ಕೆ ಕೂತಿದ್ದರೂ ಎಬ್ಬಿಸಿದ್ದೇನೆ. ಮೈ ಕಾದಾಡಲು ಎದ್ದಿತೆಂದು ಹಿಗ್ಗಬಾರದು. ಅದಕ್ಕೆ ವೈರಿಯ ಗುರುತು ಹತ್ತುತ್ತದೆ, ಬಡಿಯುತ್ತಿರುವುದು ತನ್ನ ಮನೆಯನ್ನೇ ಎಂಬುದು ಹತ್ತುವುದಿಲ್ಲ.