ಮಡಿಲಕ್ಕಿಯ ಜೊತೆ ಬುರುಡೆ ಗೊಂಬೆ

ಮೊನ್ನೆ ಜಯಲಕ್ಷ್ಮಿಪುರದ ಒಂದು ಕಾಫಿ ಅಂಗಡಿಗೆ ಹೋಗಿದ್ದೆ. ನಿಂತು ಕುಡಿದು ಬರುವಂಥ ಅಂಗಡಿಯಲ್ಲ. ಕೂತು, ಕಾದು, ಆರಿದ ಮೇಲೆ ಕುಡಿಯುವಂಥದ್ದು. ಬಾಗಿಲು ತಳ್ಳಿದ್ದೇ ತಡ, ನೆತ್ತಿಯ ಮೇಲೆ ಏನೋ ತಟತಟ ಎಂದಿತು. ನೋಡಿದರೆ ಪ್ಲಾಸ್ಟಿಕ್ಕಿನ ಅಸ್ಥಿಪಂಜರ, ದಾರದಲ್ಲಿ ನೇತುಬಿದ್ದು ಫ್ಯಾನಿನ ಗಾಳಿಗೆ ಕಾಲಾಡಿಸುತ್ತಿತ್ತು. ಈಚೆಗೆ ಅಕ್ಟೋಬರ್ ಬಂತೆಂದರೆ ನಮ್ಮೂರಿನಲ್ಲೂ ಇದೊಂದು ಶುರುವಾಗಿದೆ. ಅಲ್ಲಿ ಕೆಲಸ ಮಾಡುವ ಹುಡುಗಿ ಓಡಿಬಂದು "ಹೆದರ್ಕೊಂಡ್ರಾ ಆಂಟಿ?" ಎಂದಳು. ಆಂಟಿ ಎಂದದ್ದಕ್ಕೆ ಸಿಟ್ಟು ಬಂತೇ ಹೊರತು ಹೆದರಿಕೆಯೇನೂ ಆಗಲಿಲ್ಲ. "ಇದು ಚೆನ್ನಾಗಿಲ್ಲ ಕಣಮ್ಮ, ಮುಖದಲ್ಲಿ ಕಳೆನೇ ಇಲ್ಲ" ಎಂದೆ. ಅಸ್ಥಿಪಂಜರದ ಮುಖದಲ್ಲಿ ಕಳೆ ಹುಡುಕುವ ಹೆಂಗಸನ್ನು ಆ ಹುಡುಗಿ ಅದೇ ಮೊದಲು ನೋಡಿದ್ದಿರಬೇಕು. ಏನು ಮಾಡಲಿ, ಕಳೆಯಿರುವಂಥವನ್ನು ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅವ್ವನ ಜೊತೆ ಊರೆಲ್ಲ ಅಲೆದು ಕೊಂಡು ತಂದಿದ್ದೇನೆ.

ಅವ್ವ ಆಗ ನನ್ನ ಜೊತೆಯಲ್ಲೇ ಇದ್ದಳು. ಅಪ್ಪ ತೀರಿಕೊಂಡ ಮೇಲೆ ಕುಂಬಾರಕೊಪ್ಪಲಿನ ಮನೆಯನ್ನು ದೊಡ್ಡಪ್ಪನಿಗೆ ಬಿಟ್ಟು ನಮ್ಮಲ್ಲಿಗೆ ಬಂದಿದ್ದಳು. ನಾನೂ ನನ್ನ ಯಜಮಾನರೂ ಮೇಟಗಳ್ಳಿಯ ಕಾರ್ಖಾನೆಗಳಲ್ಲಿ ಕೆಲಸದಲ್ಲಿದ್ದವರು. ಹಗಲೆಲ್ಲ ಮನೆ ಅವ್ವನ ಆಳ್ವಿಕೆಯಲ್ಲಿರುತ್ತಿತ್ತು. ಮಹಡಿಯ ಮೇಲಿನ ಕೋಣೆಯನ್ನು ಯೋಗ ಕಲಿಯಲು ಬರುವ ಪರದೇಶದವರಿಗೆ ಬಾಡಿಗೆಗೆ ಕೊಡುತ್ತಿದ್ದೆವು. ಆ ವರ್ಷ ಬಂದವಳು ಮೆಕ್ಸಿಕೋ ದೇಶದ ಮಾರಿಸೋಲ್. ಹೆಸರು ಕೇಳಿ ಅವ್ವ ಬೆಚ್ಚಿದಳು. "ಮೊದಲರ್ಧ ಮಾರಿ, ಉಳಿದರ್ಧ ಸೋಲು. ಹೆತ್ತೋರು ಇಂಥ ಹೆಸರು ಇಡ್ತಾರಾ?" ಎಂದು ಎರಡು ದಿನ ಗೊಣಗಿ, ಕೊನೆಗೆ ಒಂದು ದೀರ್ಘ ತೆಗೆದುಹಾಕಿ "ಮರಿ" ಎಂದು ಕರೆಯತೊಡಗಿದಳು. "ಮರೀ, ಕಾಫಿ ಕುಡಿಯವ್ವ." "ಮರೀ, ತಲೆಗೆ ಎಣ್ಣೆ ಹಾಕ್ಕೋ, ಜಡೆ ನೋಡು ತೆಂಗಿನ ನಾರಾಗದೆ." ಮರಿಗೆ ಕನ್ನಡ ಬಾರದು, ಅವ್ವನಿಗೆ ಇಂಗ್ಲಿಷ್ ಬಾರದು. ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ನಾನು ಮಾತ್ರ ಆ ಕರೆ ಕೇಳಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ತಲೆಯೆತ್ತುತ್ತಿದ್ದೆ. ನಮ್ಮ ಮನೆಯಲ್ಲಿ ಮರಿ ಎಂದರೆ ನನ್ನ ತಮ್ಮ ಸೂರಿ. ಹತ್ತೊಂಬತ್ತು ತುಂಬಿದ ವರ್ಷ ಕಾಮಾಲೆಯಾಗಿ ಹೋಗಿಬಿಟ್ಟ. ನಾನು ಆಗಲೇ ಮದುವೆಯಾಗಿ ಮಂಡ್ಯದಲ್ಲಿದ್ದೆ. ಅವನು ಹೋದ ಮೇಲೆ ಅವ್ವನ ಬಾಯಲ್ಲಿ ಆ ಮಾತು ಮತ್ತೆ ಬಂದದ್ದು ಈ ಪರದೇಶದ ಹುಡುಗಿಗಾಗಿ.

ಈಗ ನಮ್ಮ ಮನೆಯ ಕಟ್ಟಳೆಯೊಂದನ್ನು ನಿಮಗೆ ಹೇಳಬೇಕು. ಹಿರಿಯರಿಗೆ ಎಡೆ ಇಡುವುದನ್ನು ಕೆಲವರು ಮಹಾಲಯ ಅಮಾವಾಸ್ಯೆಗೆ ಮಾಡುತ್ತಾರೆ, ನಮ್ಮ ವಂಶದವರು ದೀಪಾವಳಿ ಅಮಾವಾಸ್ಯೆಗೆ. ಸತ್ತವರಿಗೆಲ್ಲ ಒಂದೊಂದು ಬಾಳೆ ಎಲೆ. ಎಲೆಯ ಮೇಲೆ ಅವರವರಿಗೆ ಇಷ್ಟವಾದದ್ದು. ತಾತನಿಗೆ ತಲೆಮಾಂಸದ ಸಾರು ಮತ್ತು ಒಂದು ಕಟ್ಟು ಬೀಡಿ, ಅಜ್ಜಿಗೆ ಕಜ್ಜಾಯ ಮತ್ತು ಕಡ್ಡಿಪುಡಿ, ಅಪ್ಪನಿಗೆ ಕೋಳಿ ಸಾರು ಮತ್ತು ಕಾಲು ಬಾಟಲಿ ರಮ್ಮು. ಬದುಕಿದ್ದಾಗ ಯಾವುದಕ್ಕೆ ಬೈದಿದ್ದೆವೋ ಅದನ್ನೇ ಕೈಮುಗಿದು ಬಡಿಸುತ್ತೇವೆ. ಆದರೆ ಆ ಸಾಲಿನಲ್ಲಿ ಸೂರಿಗೆ ಎಲೆಯಿಲ್ಲ. ಅದು ಹಿರಿಯರ ಹಬ್ಬ, ಮದುವೆಯಾಗದೆ ಹೋದ ಕಿರಿಯರಿಗೆ ಅಲ್ಲಿ ಜಾಗವಿಲ್ಲ. ಹಾಗೆಂದು ದೊಡ್ಡಪ್ಪ ಹೇಳುತ್ತಿದ್ದರು, ದೊಡ್ಡಪ್ಪನಿಗೆ ಅವರ ಅಪ್ಪ ಹೇಳಿದ್ದರಂತೆ. ವರ್ಷ ವರ್ಷವೂ ಅವ್ವ ಎಲ್ಲರ ಎಡೆಗೂ ತಾನೇ ಬೇಯಿಸಿ, ಬಡಿಸುವ ಹೊತ್ತಿಗೆ ಹಿತ್ತಲಿಗೆ ಹೋಗಿ ಪಾತ್ರೆ ಉಜ್ಜುತ್ತ ಕೂರುತ್ತಿದ್ದಳು.

ಆ ಸಲ ದಸರಾ ಮುಗಿದಿತ್ತು. ಮರಿ ಸಹಪಾಠಿಗಳ ಜೊತೆ ಹಂಪಿ ನೋಡಲು ಹೋಗಿದ್ದಳು. ಕೋಣೆ ಗುಡಿಸಲು ಮೇಲೆ ಹೋದ ಅವ್ವನಿಗೆ ಕಿಟಕಿಯ ಕಟ್ಟೆಯ ಮೇಲೆ ಚೆಂಡುಹೂವಿನ ಎಸಳು, ಮೇಣದ ಬತ್ತಿ, ನಡುವೆ ಹಲ್ಲು ಕಿರಿಯುತ್ತ ನಿಂತ ಒಂದು ಅಸ್ಥಿಪಂಜರದ ಗೊಂಬೆ ಕಂಡವು. ನೀವೇ ಹೇಳಿ, ಮೈಸೂರು ಸೀಮೆಯಲ್ಲಿ ಬುರುಡೆ, ಹೂವು, ದೀಪ ಒಂದೇ ಕಡೆ ಕಂಡರೆ ಏನಂದುಕೊಳ್ಳುತ್ತಾರೆ? ಮಾಟ! ಯಾರೋ ಪಾಪದ ಹುಡುಗಿಗೆ ಮಾಡಿಸಿದ್ದಾರೆ ಎಂದುಕೊಂಡ ಅವ್ವ ಗೊಂಬೆಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಒಂದು ನಿಂಬೆಹಣ್ಣು, ಒಂದು ಹಿಡಿ ಬೇವಿನಸೊಪ್ಪು ಸೇರಿಸಿ, ಆಟೋ ಹಿಡಿದು ಹೋಗಿ ಹರಿಯುವ ನಾಲೆಗೆ ಬಿಟ್ಟು ಬಂದಳು. ಸಂಜೆ ನಾನು ಬಂದಾಗ ತಲೆಗೆ ಸ್ನಾನ ಮಾಡಿ, ಯುದ್ಧ ಗೆದ್ದವಳಂತೆ ಕೂತಿದ್ದಳು.

"ಅವ್ವಾ, ಅದು ಅವಳದೇ ವಸ್ತು ಇರಬೇಕು ಕಣವ್ವ" ಎಂದರೆ, "ಅವಳದೇ ಅಂತೆ! ಬುರುಡೆ ಯಾರಾದ್ರೂ ದುಡ್ಡು ಕೊಟ್ಟು ತಕ್ಕೋತಾರಾ?" ಎಂದು ನನ್ನ ಬಾಯಿ ಮುಚ್ಚಿಸಿದಳು.

ಮರಿ ಬಂದಳು. ಅವ್ವ ಅಡಗಿಸಿಡುವ ಪೈಕಿಯಲ್ಲ. "ನಾನೇ ಹೇಳ್ತೀನಿ, ನೀನು ಇಂಗ್ಲಿಷ್ ಮಾಡು" ಎಂದು ನನ್ನನ್ನು ಮಹಡಿಗೆ ಎಳೆದುಕೊಂಡು ಹೋದಳು. ನಿಂಬೆಹಣ್ಣು, ಬೇವಿನಸೊಪ್ಪು, ನಾಲೆ ಎಲ್ಲವನ್ನೂ ನಾನು ನಾಚಿಕೆಯಿಂದ ಇಂಗ್ಲಿಷಿಗೆ ಇಳಿಸಿದೆ. ಮರಿ ಮಂಚದ ಮೇಲೆ ಕುಸಿದು ಕೂತಳು. ಅದು ತೀರಿಹೋದ ಅವಳ ಅಜ್ಜಿಯ ಲೆಕ್ಕವಂತೆ. ಅಜ್ಜಿಯ ಊರಿನ ಸಂತೆಯಲ್ಲಿ ಕೊಂಡ ಗೊಂಬೆ. ಅವರಲ್ಲಿ ನವೆಂಬರಿನ ಮೊದಲಿಗೆ ಸತ್ತವರೆಲ್ಲ ಮನೆಗೆ ಬರುತ್ತಾರೆ. ಅವರಿಗೆ ಹೂವಿನ ದಾರಿ ಹಾಕಿ, ಇಷ್ಟವಾದ ಊಟ ಇಟ್ಟು ಕಾಯಬೇಕು. ಬುರುಡೆಗಳು ನಗುವುದು ಮನೆಗೆ ಬಂದ ಸಂತೋಷಕ್ಕೆ. ಇಷ್ಟನ್ನು ಹೇಳಿ ಹುಡುಗಿ ಬಿಕ್ಕಳಿಸಿದಳು.

ನಾನು ಕನ್ನಡ ಮಾಡಿ ಮುಗಿಸುವ ಮೊದಲೇ ಅವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. "ಅಯ್ಯೋ ಶಿವನೇ! ಇದು ಎಡೆ ಹಬ್ಬ ಅಲ್ವೇನೇ! ಬೇರೆಯೋರ ಹಿರೀಕರನ್ನ ತಕ್ಕೊಂಡೋಗಿ ನಾಲೆಗೆ ಬಿಟ್ಬುಟ್ನಲ್ಲೇ!"

ಮಾರನೆಯ ದಿನವೇ ನಮ್ಮ ಬೇಟೆ ಶುರುವಾಯಿತು. ಕುಂಬಾರಕೊಪ್ಪಲಿನಲ್ಲಿ ಅವ್ವನಿಗೆ ಗೊತ್ತಿದ್ದ, ಗೌರಿ ಗಣೇಶ ಮಾಡುವ ಮುದುಕರೊಬ್ಬರನ್ನು ಕೇಳಿದೆವು. "ಗೌರಮ್ಮನ್ನ ಮಾಡೋ ಕೈಲಿ ಬುರುಡೆ ಮಾಡಿಸ್ತೀಯಾ ತಾಯಿ?" ಎಂದು ಬೆನ್ನು ತಿರುಗಿಸಿದರು. ಅಲ್ಲೇ ಪಕ್ಕದ ಬೀದಿಯ ದೊಡ್ಡಪ್ಪ ವಿಷಯ ಕೇಳಿ, "ಅಸ್ಥಿಪಂಜರ ಬೇಕಾದ್ರೆ ದೊಡ್ಡಾಸ್ಪತ್ರೆ ತಾವ ಓಗಿ ಇಚಾರಿಸ್ರವ್ವ" ಎಂದು ಗಂಭೀರವಾಗಿಯೇ ಸಲಹೆ ಕೊಟ್ಟರು. ಮಾರುಕಟ್ಟೆಯ ಸುತ್ತಿನ ಆಟದ ಸಾಮಾನಿನ ಅಂಗಡಿಗಳಲ್ಲಿ ಕಣ್ಣು ಕೆಂಪಗೆ ಮಿಣುಕಿಸಿ ಕಿರುಚುವ ಭೂತಗಳು ಸಿಕ್ಕವು. "ಇದನ್ನ ಅಜ್ಜಿ ಅನ್ನೋಕಾಗ್ತದಾ?" ಎಂದು ಅವ್ವ ಅವನ್ನು ಮುಟ್ಟಲೂ ಇಲ್ಲ.

ಕೊನೆಗೆ ದಸರಾ ಗೊಂಬೆ ಮಾರುವವರ ಒಂದು ಹಳೆಯ ಅಂಗಡಿ. ಹಬ್ಬದ ಗಲಾಟೆ ಮುಗಿದು ಅಂಗಡಿಯವರು ರಾಜ ರಾಣಿಯರನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದರು. ನಾವು ಕೇಳಿದ್ದಕ್ಕೆ, "ಬುರುಡೆ ಗೊಂಬೆನಾ? ಯಾರಿಗಮ್ಮ ಮಾಟ ಮಾಡಿಸ್ತಾ ಇದ್ದೀರಿ?" ಎಂದು ನಕ್ಕರು. ಅವ್ವನಿಗೆ ರೇಗಿತು. "ತಿಳೀದೆ ಮಾತಾಡ್ಬಾರ್ದು ಕಣ್ರೀ. ಅದು ಅವರ ಹಿರೀಕರು." ಮೂರು ದಿನದ ಹಿಂದಿನ ನಿಂಬೆಹಣ್ಣು ನೆನಪಾಗಿ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಂಗಡಿಯವರು ಅಟ್ಟದಿಂದ ಒಂದು ಧೂಳು ಹಿಡಿದ ಡಬ್ಬ ಇಳಿಸಿದರು. ದೇಶ ದೇಶದ ಗೊಂಬೆ ಕೂರಿಸುತ್ತಿದ್ದ ಯಾರದೋ ಮನೆಯವರು ಎಲ್ಲವನ್ನೂ ಮಾರುವಾಗ ಇವೂ ಬಂದಿದ್ದವಂತೆ. "ಹಬ್ಬಕ್ಕೆ ಇವನ್ನ ಯಾರು ಕೂರಿಸ್ತಾರೆ ಹೇಳಿ. ಬಂದಾಗಿನಿಂದ ಇಲ್ಲೇ ಅವೆ."

ಮಣ್ಣಿನ ಅಸ್ಥಿಪಂಜರಗಳು, ಕೈಯಲ್ಲೇ ಬಣ್ಣ ಬರೆದವು. ಹೂವಿನ ಟೋಪಿ, ನೆರಿಗೆ ಲಂಗದ ಒಬ್ಬ ಹೆಂಗಸು. ಗಿಟಾರು ಹಿಡಿದ ಒಬ್ಬ ಗಂಡಸು. ಜೊತೆಗೆ ಗೇಣುದ್ದವೂ ಇಲ್ಲದ, ಸೈಕಲ್ಲು ಹತ್ತಿದ ಒಬ್ಬ ಹುಡುಗ. ಮೂವರೂ ನಗುತ್ತಿದ್ದರು. ಅವ್ವ ದೊಡ್ಡವೆರಡನ್ನು ನನ್ನ ಕೈಗೆ ಕೊಟ್ಟು ಚಿಕ್ಕದನ್ನು ತಾನೇ ಹಿಡಿದುಕೊಂಡಳು. ಮನೆಗೆ ಬರುವವರೆಗೂ ಆಟೋದಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ತಪ್ಪೊಪ್ಪಿಗೆಯ ಉಡುಗೊರೆಯನ್ನು ಬರಿಗೈಯಲ್ಲಿ ಕೊಡಬಾರದು ಎಂಬುದು ಅವ್ವನ ಕಾನೂನು. ಮರಿಯನ್ನು ಮಣೆಯ ಮೇಲೆ ಕೂರಿಸಿ, ಕುಂಕುಮವಿಟ್ಟು, ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣದೊಂದಿಗೆ ಮಡಿಲು ತುಂಬಿದಳು. ಅದರ ಮೇಲೆ ಮೂರು ಬುರುಡೆಗಳನ್ನು ಇಟ್ಟಳು. ಮಡಿಲಕ್ಕಿ ಕೊಡುವುದು ಮದುವೆಯಾದವರಿಗಲ್ಲವೇ, ಅಸ್ಥಿಪಂಜರದ ಜೊತೆ ಕೊಡುವುದು ಯಾವ ಶಾಸ್ತ್ರ, ಎಂದು ಪಕ್ಕದ ಮನೆಯವರು ಕೇಳಿಯೇ ಕೇಳಿದರು. ಮರಿ ಒಂದು ಕಡೆ ಅಳುತ್ತ ಒಂದು ಕಡೆ ನಗುತ್ತ ಅವ್ವನನ್ನು ಅಪ್ಪಿಕೊಂಡಳು. ಆಮೇಲೆ ಸೈಕಲ್ಲಿನ ಹುಡುಗನನ್ನು ಎತ್ತಿ ನನಗೆ ಏನೋ ಹೇಳಿದಳು.

"ಏನಂತೆ?" ಎಂದಳು ಅವ್ವ.

"ಅವರಲ್ಲಿ ಮೊದಲನೇ ದಿನ ಮಕ್ಕಳು ಬರ್ತಾರಂತೆ ಕಣವ್ವ. ದೊಡ್ಡೋರು ಬರೋದು ಮಾರನೇ ದಿನ."

"ಮಕ್ಕಳು ಮೊದಲಾ?" ಅವ್ವ ಆ ಹುಡುಗನನ್ನು ಮರಿಯ ಕೈಯಿಂದ ತೆಗೆದುಕೊಂಡಳು. "ಎಷ್ಟು ವಯಸ್ಸಿನ ತನಕ ಮಕ್ಕಳು ಅಂತ ಕೇಳು" ಎಂದಳು.

ಕೇಳಿದೆ. ಯಾಕೆಂದು ಮರಿ ಕೇಳಿದಳು, ಸೂರಿಯ ವಿಷಯ ಹೇಳಿದೆ. ಅವಳು ಯೋಚಿಸಿ ಹೇಳಿದ್ದಿಷ್ಟು: ಲೆಕ್ಕಕ್ಕೆ ಚಿಕ್ಕ ಮಕ್ಕಳೇ. ಆದರೆ ಅವಳ ಚಿಕ್ಕಮ್ಮನ ಮಗ ತೀರಿಕೊಂಡಾಗ ಇಪ್ಪತ್ತು ದಾಟಿತ್ತು. ಚಿಕ್ಕಮ್ಮ ಅವನಿಗೆ ಮಕ್ಕಳ ದಿನವೇ ಊಟ ಇಡುತ್ತಾಳೆ. ಯಾರು ಏನು ಹೇಳಿದರೂ ಕೇಳುವುದಿಲ್ಲ.

"ಹೆಂಗಸು ಅಂದ್ರೆ ಅವಳು" ಎಂದಳು ಅವ್ವ.

ಆ ವರ್ಷ ಮರಿಯ ಹಬ್ಬವೂ ನಮ್ಮ ದೀಪಾವಳಿಯೂ ಹೆಚ್ಚುಕಡಿಮೆ ಒಟ್ಟಿಗೇ ಬಂದಿದ್ದವು. ಕುಂಬಾರಕೊಪ್ಪಲಿನ ಮನೆಯಲ್ಲಿ ಎಲೆ ಹಾಸುವ ಹೊತ್ತಿಗೆ ಅವ್ವ ಹಿತ್ತಲಿಗೆ ಹೋಗಲಿಲ್ಲ. "ಭಾವ, ಸೂರಿಗೂ ಒಂದು ಎಲೆ ಹಾಕ್ರಲ್ಲ" ಎಂದಳು. ದೊಡ್ಡಪ್ಪ ಕೆಟ್ಟವರಲ್ಲ. ಗದರಲಿಲ್ಲ, ಅವರ ಕಣ್ಣೂ ಒದ್ದೆಯಾಯಿತು. "ಇರೀಕರ ಸಾಲ್ನಾಗೆ ಮಗೀನ ಎಂಗ್ ಕೂರ್ಸದವ್ವ? ನಾಕ್ ಜನಾನ ಕೇಳ್ಬೇಕು. ಮುಂದಿನ್ ವರ್ಸ ನೋಡಾಣ, ಬುಡು" ಎಂದರು. ಮುಂದಿನ ವರ್ಷವೂ ಅವ್ವ ಕೇಳಿದಳು. ಅದರ ಮುಂದಿನ ವರ್ಷವೂ. ಪ್ರತಿ ಸಲವೂ ಅದೇ ಉತ್ತರ, ಅದೇ ಒದ್ದೆ ಕಣ್ಣು. ಮೆಕ್ಸಿಕೋದ ಚಿಕ್ಕಮ್ಮನ ಹಾಗೆ ಯಾರ ಮಾತನ್ನೂ ಕೇಳದೆ ಇರುವುದು ನಮ್ಮವ್ವನಿಗೆ ಬರಲಿಲ್ಲ. ನಾಲೆಗೆ ಹೋಗುವಾಗ ಯಾರನ್ನೂ ಕೇಳದಿದ್ದವಳು ಇದೊಂದಕ್ಕೆ ಒಪ್ಪಿಗೆ ಬೇಡುತ್ತ ಉಳಿದಳು. ಹೋದ ವರ್ಷ ಸಂಕ್ರಾಂತಿ ಮುಗಿದ ವಾರ, ಎಳ್ಳು ಬೀರಿ ಬಂದು ಸುಸ್ತೆಂದು ಮಲಗಿದವಳು ಏಳಲಿಲ್ಲ.

ವರ್ಷ ತುಂಬದೆ ಹಿರಿಯರ ಸಾಲಿಗೆ ಸೇರಿಸುವಂತಿಲ್ಲ. ಹಾಗಾಗಿ ಅವ್ವನಿಗೆ ಮೊದಲ ಎಲೆ ಬಿದ್ದದ್ದು ನಿನ್ನೆ. ಕುಂಬಾರಕೊಪ್ಪಲಿನ ನಡುಮನೆಯಲ್ಲಿ ದೊಡ್ಡಪ್ಪ ಮಂಡಿ ನೋವಿನಲ್ಲೇ ಬಗ್ಗಿ ಎಲೆ ಹಾಸುತ್ತ ಬಂದರು. ತಾತ, ಅಜ್ಜಿ, ಅಪ್ಪ. ಅಪ್ಪನ ಪಕ್ಕದಲ್ಲಿ ಅವ್ವ. ಅವ್ವನಿಗೆ ಹೊಸ ಸೀರೆ, ಹೂವು, ಅವರೆಕಾಳಿನ ಸಾರು, ಎಲೆ ಅಡಿಕೆ ಎಲ್ಲ ಇಟ್ಟಾಯಿತು. ದೊಡ್ಡಪ್ಪ ಕೈಮುಗಿಯಲಿಲ್ಲ, ಆ ಎಲೆಯನ್ನೇ ನೋಡುತ್ತ ನಿಂತರು. ಆಮೇಲೆ ಒಳಗೆ ಹೋಗಿ ಇನ್ನೊಂದು ಎಲೆ ತಂದು, ನೀರು ಚಿಮುಕಿಸಿ, ಅವ್ವನ ಪಕ್ಕದಲ್ಲಿ ಹಾಸಿದರು.

"ಅವ ಬರ್ದೆ ನಿಮ್ಮವ್ವ ತುತ್ತು ಎತ್ತಾಕಿಲ್ಲ ಕಣವ್ವ" ಎಂದರು ನನ್ನ ಕಡೆ ತಿರುಗದೆ. "ನಾನು ಇಷ್ಟು ದಿನ ತಡ ಮಾಡ್ಬಾರ್ದಾಗಿತ್ತು."

ಸೌಟು ಹಿಡಿದು ಕೇಳಿದರು: "ಸೂರಿಗೆ ಏನಿಷ್ಟ ಇತ್ತು?"

ನಾನು ಬಾಯಿ ತೆರೆದೆ. ಕಜ್ಜಾಯವೇ? ಅದು ಅಜ್ಜಿಗೆ. ಒತ್ತುಶಾವಿಗೆ ನನಗೆ ಇಷ್ಟ, ಅವನು ತಟ್ಟೆ ದೂಡುತ್ತಿದ್ದ. ಚಿಕ್ಕವನಿದ್ದಾಗ ಬೆಲ್ಲ ಕದಿಯುತ್ತಿದ್ದ, ಅದು ಗೊತ್ತು. ಹತ್ತೊಂಬತ್ತರ ಹುಡುಗ ಕಾಲೇಜಿನಿಂದ ಹಸಿದು ಬಂದರೆ ಏನು ಕೇಳುತ್ತಿದ್ದ? ಮಂಡ್ಯದಲ್ಲಿ ಸಂಸಾರ ಮಾಡುತ್ತಿದ್ದ ನನಗೆ ಅದು ತಿಳಿದಿರಲೇ ಇಲ್ಲ. ದೊಡ್ಡಪ್ಪ ಕಾಯುತ್ತಿದ್ದರು. ಎಲೆ ಖಾಲಿ ಇತ್ತು.

"ತಾಳಿ ದೊಡ್ಡಪ್ಪ, ಅವ್ವನ್ನ ಕೇಳ್ಕೊಂಡ್ ಬತ್ತೀನಿ" ಎಂದು ಎದ್ದೆ. ಎದ್ದು, ಅಡುಗೆಮನೆಯ ಬಾಗಿಲವರೆಗೂ ಹೋದೆ.