ಓರೆ ಅಕ್ಷರದ ಪಾಯಪ್ಪ

ಜಮಖಂಡಿಯ ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸುವ ಪಾಯಪ್ಪನಿಗೆ ಇಂಗ್ಲಿಷ್ ಓದಲು ಬಾರದು. ಆದರೆ ಮುಂಬಯಿಯಿಂದ ತರಿಸಿದ ಓರೆ ಇಂಗ್ಲಿಷ್ ಅಕ್ಷರದ ಮೊಳೆಗಳನ್ನು ಅವನ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಒಂದು ಗೆರೆ ಕಬ್ಬಿನ ಗಳದಂತೆ ದಪ್ಪ, ಪಕ್ಕದ್ದು ರಬಕವಿಯ ರೇಶಿಮೆ ಎಳೆಯಂತೆ ಸಪೂರ. "ದೂರ ನಿಂತು ಉಸುರಾಡ್ರೆಪಾ, ಗೆರಿ ಮುರದೀತು," ಎನ್ನುತ್ತಿದ್ದ. ದೊಡ್ಡ ಮನೆತನಗಳ ಲಗ್ನಪತ್ರಿಕೆಗೆ ಮಾತ್ರ ಅವು ಹೊರಬರುತ್ತಿದ್ದವು. ಇನ್‌ಫ್ಲುಯೆಂಜಾ ಬಂದ ವರ್ಷ, ಮಾಮಲೇದಾರರ ಮಗಳು ವೇಣೂಬಾಯಿಯ ಪತ್ರಿಕೆ ಜೋಡಿಸಿ ಮುಗಿಸಿದ ದಿನವೇ ಅವರ ಆಳು ಓಡಿಬಂದು, "ಅಚ್ಚು ಹಾಕಬ್ಯಾಡ್ರಿ, ಸಣ್ಣ ಬಾಯಾರು ತೀರಿಕೊಂಡ್ರು," ಎಂದ. ಪಾಯಪ್ಪ ಉಳಿದ ಸಾಲುಗಳನ್ನೆಲ್ಲ ಬಿಚ್ಚಿ ಮೊಳೆಗಳನ್ನು ಅವುಗಳ ಖಾನೆಗೆ ಹಾಕಿದ. ಹುಡುಗಿಯ ಹೆಸರಿನ ಮೊಳೆಗಳಿಗೆ ಮಾತ್ರ, ಬಿಚ್ಚದೆ, ದಾರ ಸುತ್ತಿ ಎತ್ತಿಟ್ಟ. ಮುಂದಿನ ಲಗ್ನಪತ್ರಿಕೆಗೆ ಅಕ್ಷರ ಸಾಲದೆ ಮಾಲಕರು ರೇಗಿದರು. "ಅವು ಒಬ್ಬಾಕಿ ಹೆಸರಾಗ್ಯಾವ್ರೀ," ಎಂದ ಪಾಯಪ್ಪ, "ಬಿಚ್ಚಾಕ ಕೈ ಬರವಲ್ದು."